ಪಟಾಕಿ ಸಿಸ್ಟರ್ ಮೊಣಕಾಲೂರಿದ ದಿನ

"ಲಿಫ್ಟ್ ಏನು ನಿಮ್ಮ ಮಾವನ ಮನೇದಾ?"

ಎರಡನೇ ಮಹಡಿಯ ಹೆಡ್ ನರ್ಸ್ ಹಾಗೆ ಗದರಿದ್ದು ಆಂಬುಲೆನ್ಸಿನ ಹೊಸ ಡ್ರೈವರನ್ನು. ಅವನು ಲಿಫ್ಟಿನ ಬಾಗಿಲಿಗೆ ಭುಜ ಕೊಟ್ಟು ಕದಲದೆ ನಿಂತಿದ್ದ.

"ಬಾಗಿಲು ತಾನಾಗೇ ಮುಚ್ಕೊಳ್ತಿದೆ ಸಿಸ್ಟರ್. ಒಳಗೆ ಅಜ್ಜಿ ಇದ್ದಾರೆ. ನಾನು ಬಿಟ್ರೆ ಅವರಿಗೆ ಬಡಿಯುತ್ತೆ."

ಅವಳು ಇಣುಕಿದಳು. ಊರುಗೋಲು ಹಿಡಿದ ಅಜ್ಜಿ ಬೊಚ್ಚುಬಾಯಲ್ಲಿ ನಕ್ಕು ಕೈಬೀಸಿದರು.

ಅವಳ ಕಿವಿ ಕೆಂಪಾಯಿತು. ಅದನ್ನವನು ನೋಡಿದ, ನೋಡಿದ್ದು ಅವಳಿಗೂ ಗೊತ್ತಾಯಿತು.

"ಬೈದಿದ್ದು ವಾಪಸ್ ತಗೊಳ್ಳಿ ಅನ್ನಲ್ಲ," ಎಂದ, ತುಟಿಯಂಚಿನಲ್ಲೇ ನಗುತ್ತಾ. "ಅಜ್ಜಿ ಕೈ ಹಿಡ್ಕೊಳ್ಳಿ, ಸಾಕು."

ಆಸ್ಪತ್ರೆಯಲ್ಲಿ ಅವಳ ಬೆನ್ನ ಹಿಂದಿನ ಹೆಸರು ಪಟಾಕಿ ಸಿಸ್ಟರ್. ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಬೆಂಕಿ. ಟ್ರೈನಿ ಹುಡುಗಿಯರು ಸ್ಟೋರ್ ರೂಮಿಗೆ ಹೋಗಿ ಅತ್ತು ಬರುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಆ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದರೂ ಅವಳು ಎದ್ದಿರಲಿಲ್ಲ. 'ಕರ್ತನೇ, ನಿನ್ನ ಸೌಮ್ಯತೆಯಲ್ಲಿ ನನಗೊಂದು ಪಾಲು ಕೊಡು. ದೀನಳಾಗೋದನ್ನ ಕಲಿಸು.'

"ಏನಮ್ಮಾ ಇಷ್ಟುದ್ದ ಪ್ರಾರ್ಥನೆ?" ಅಮ್ಮ ಪಿಸುಗುಟ್ಟಿದರು.

"ನನ್ನ ಬಾಯಿಗೋಸ್ಕರ ಅಮ್ಮಾ."

"ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂತ್ಕೋ."

ಕೊನೆಯ ಬೆಂಚಿನಿಂದ ಕಿಸಕ್ಕೆಂದು ನಗು ಬಂತು. ಅದೇ ಡ್ರೈವರ್!

ಮರುದಿನ ಕ್ಯಾಂಟೀನಿನಲ್ಲಿ, ಎಲ್ಲರೆದುರೇ, ಅವಳು ಅವನ ಮುಂದೆ ನಿಂತಳು. "ಅವತ್ತು ವಿಚಾರಿಸದೇ ಕೂಗಾಡಿದೆ. ತಪ್ಪಾಯ್ತು." ಅವನು ತಮಾಷೆ ಮಾಡಲಿಲ್ಲ. ಎದುರಿನ ಕುರ್ಚಿ ಎಳೆದು, "ಟೀ ಕುಡೀತೀರಾ?" ಎಂದ.

ಅಲ್ಲಿಂದ ದಿನಾ ಟೀ. ಅವನ ಹರಟೆಗೆ ಅವಳು ನಗು ಅಡಗಿಸುವಳು. ಅಡಗಿದ ನಗು ಕೆನ್ನೆಯ ಗುಳಿಯಲ್ಲಿ ಸಿಕ್ಕಿಬೀಳುವುದನ್ನು ಅವನು ಕಾಯುತ್ತಿದ್ದ.

ಆದರೆ ವಾರ್ಡಿನಲ್ಲಿ ಅವಳು ಬಾಯಿ ಹೊಲಿದುಕೊಂಡಿದ್ದಳು. ಯಾರು ತಪ್ಪು ಮಾಡಿದರೂ ಹಲ್ಲು ಕಚ್ಚಿ ತಾನೇ ಸರಿಪಡಿಸುವಳು. ಒಳಗೆ ಕುದಿಯುವಳು.

"ಸೌಮ್ಯ ಅಂದ್ರೆ ಬಾಯಿಗೆ ಬೀಗಾನಾ?" ಒಂದು ದಿನ ಅವನು ಕೇಳಿಯೇಬಿಟ್ಟ. "ನಾನು ಸೈರನ್ ಆಫ್ ಮಾಡ್ತೀನಿ ಸಿಸ್ಟರ್. ಎಂಜಿನ್ ಆಫ್ ಮಾಡಲ್ಲ."

ಆ ಮಾತು ಅವಳ ಎದೆಯಲ್ಲಿ ಉಳಿಯಿತು.

ಮುಂದಿನ ವಾರ, ನಡುಮಧ್ಯಾಹ್ನ, ಕಾರಿಡಾರಿನಲ್ಲಿ ಗಾಜು ಒಡೆದ ಸದ್ದು. ಆಳೆತ್ತರದ ಒಬ್ಬ ಗಂಡಸು ಕೌಂಟರಿನ ಗಾಜಿಗೆ ಕುರ್ಚಿ ಎಸೆದಿದ್ದ. ಹೆಂಡತಿಯನ್ನು ಆಪರೇಷನ್ನಿಗೆ ಒಯ್ದ ಮೇಲೆ ಯಾರೂ ಅವನಿಗೆ ಒಂದು ಮಾತು ಹೇಳಿರಲಿಲ್ಲ. ಗಾಜು ಚುಚ್ಚಿದ ಅವನ ಬರಿಗಾಲಿನಿಂದ ರಕ್ತ ಸುರಿಯುತ್ತಿತ್ತು. ಟ್ರೈನಿ ಹುಡುಗಿಯೊಬ್ಬಳ ಮೇಲೆ ಅವನು ಕೈ ಎತ್ತಿದ್ದ; ಅವಳು ಗೋಡೆಗೊತ್ತಿಕೊಂಡು ನಿಂತಿದ್ದಳು. ಸೆಕ್ಯುರಿಟಿಯವರು ಲಾಠಿ ಹಿಡಿದು ಓಡಿಬಂದರು. ರೋಗಿಯನ್ನು ಇಳಿಸಿ ಹೊರಟಿದ್ದ ಡ್ರೈವರೂ ಧಾವಿಸಿದ.

ವಾರ್ಡಿನಿಂದ ಹೊರಬಂದ ಪಟಾಕಿ ಸಿಸ್ಟರ್ ಈಗ ಸಿಡಿಯುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ಸಿಟ್ಟು ಅವಳ ನಾಲಿಗೆಯ ತುದಿಗೇ ಬಂದಿತ್ತು. 'ಕರ್ತನೇ,' ಎಂದಳು ಒಳಗೇ. ಅಷ್ಟೇ.

ಕೈಯೆತ್ತಿ ಸೆಕ್ಯುರಿಟಿಯವರನ್ನು ತಡೆದಳು. ಬೇಸಿನ್ನಿನಲ್ಲಿ ನೀರು ತಂದು, ಗಾಜು ಸರಿಸಿ, ಆ ಮನುಷ್ಯನ ಮುಂದೆ ಮೊಣಕಾಲೂರಿದಳು.

"ಅಣ್ಣಾ, ಕೂತ್ಕೊಳ್ಳಿ. ಕಾಲು ಕೊಡಿ."

"ನನ್ನ ಹೆಂಡ್ತಿಗೇನಾದ್ರೂ ಆದ್ರೆ..."

"ಈಗಲೇ ಒಳಗೆ ಯಾರನ್ನಾದ್ರೂ ಕಳಿಸಿ ಕೇಳಿಸ್ತೀನಿ. ನಿಮಗೆ ಯಾರೂ ಏನೂ ಹೇಳದೇ ಇದ್ದದ್ದು ನಮ್ಮ ತಪ್ಪು. ಆ ಹುಡುಗಿ ಮೇಲೆ ಕೈ ಎತ್ತಿದ್ದು ನಿಮ್ಮ ತಪ್ಪು. ಅವಳ ಹತ್ರ ಕ್ಷಮೆ ಕೇಳ್ಬೇಕು."

ದನಿ ಒಂದಿಷ್ಟೂ ಏರಲಿಲ್ಲ, ಒಂದಿಷ್ಟೂ ಅಳುಕಲಿಲ್ಲ. ಅವನು ಕುಸಿದು ಕುಳಿತ. ಅವಳು ಗಾಜಿನ ಚೂರು ಕಿತ್ತು, ಕಾಲು ತೊಳೆದು, ಬ್ಯಾಂಡೇಜ್ ಸುತ್ತಿದಳು. ಆ ದೈತ್ಯ ದೇಹ ಬಿಕ್ಕಿ ಬಿಕ್ಕಿ ಅತ್ತಿತು.

"ತಪ್ಪಾಯ್ತು ಕಣಮ್ಮಾ," ಎಂದು ಅವನು ಟ್ರೈನಿ ಹುಡುಗಿಗೆ ಕೈಮುಗಿಯುತ್ತಿದ್ದಾಗಲೇ ಆಪರೇಷನ್ ಥಿಯೇಟರಿನ ಬಾಗಿಲು ತೆರೆಯಿತು. ಹೆಂಡತಿ ಬದುಕಿದ್ದಾಳೆ ಎಂದರು ಹೊರಬಂದ ಡಾಕ್ಟರ್! ಕಾರಿಡಾರಿಗೆ ಕಾರಿಡಾರೇ ಚಪ್ಪಾಳೆ ತಟ್ಟಿತು. ಟ್ರೈನಿ ಹುಡುಗಿ ಓಡಿಬಂದು ಹೆಡ್ ನರ್ಸನ್ನು ತಬ್ಬಿಕೊಂಡಳು. ತನ್ನನ್ನು ಕಂಡರೆ ದೂರ ಸರಿಯುತ್ತಿದ್ದ ಹುಡುಗಿ!

ಅವಳು ಸಿಂಕಿನಲ್ಲಿ ಕೈ ತೊಳೆಯುವಾಗ ಡ್ರೈವರ್ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವಳನ್ನೇ ನೋಡುತ್ತಿದ್ದ.

"ಏನು ಹಾಗೆ ನೋಡ್ತೀರಿ?"

"ನಾನು... ಒಂದು ವಿಷಯ... ಅಂದ್ರೆ, ನಿಮ್ಮ ಅಮ್ಮ ಒಪ್ಪಿದ್ರೆ..."

ಅವನು ತಡವರಿಸುವುದನ್ನು ಅವಳು ಮನಸಾರೆ ನೋಡಿದಳು. ಈ ಸಲ ನಗು ಅಡಗಿಸಲಿಲ್ಲ.

"ನಾನೇ ಕೇಳ್ಲಾ?" ಎಂದಳು ಮೆಲ್ಲಗೆ. "ನನ್ನ ಮದುವೆ ಆಗ್ತೀರಾ?"

"ಅಯ್ಯೋ, ಒಂದು ತಿಂಗಳಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ ಕಣ್ರೀ!"

"ಹಾಗಾದ್ರೆ ಹೇಳಿ. ಕಾಯ್ತೀನಿ."

ಅವನು ಹೇಳಿದ. ಅರ್ಧ ಮಾತು ತಪ್ಪಿತು, ಇನ್ನರ್ಧಕ್ಕೆ ದನಿ ನಡುಗಿತು. ಅವಳು ಪೂರ್ತಿ ಕೇಳಿಸಿಕೊಂಡು, ಟವೆಲ್ ತೆಗೆದುಕೊಳ್ಳದೆ, ಒದ್ದೆ ಕೈಯನ್ನು ಹಾಗೇ ಅವನ ಕೈಗಿಟ್ಟಳು. ನಂತರ ಇಬ್ಬರೂ, ಇಡೀ ವಾರ್ಡು ನೋಡುತ್ತಿರುವಂತೆಯೇ, ಆ ಉದ್ದದ ಕಾರಿಡಾರಿನಲ್ಲಿ ಜೊತೆಯಾಗಿ ನಡೆದರು.