ಫೌಸ್ಟಿನಾಳ ತಾಯಿಯ ಚಿನ್ನ

“ಇದು ನಮ್ಮಮ್ಮನ ಅಪರಂಜಿ. ತಾಮ್ರ ಬೆರೆಸ್ಬೇಡಪ್ಪಾ. ಬೆರೆಸಿದವನ ಮನೆಗೇ ಕಿಲುಬು ಹತ್ಲಿ ಅಂತ ಸಾಯೋವಾಗ ಶಾಪ ಹಾಕಿ ಹೋಗಿದಾಳೆ.”

ಊರೆಲ್ಲ ಗೌರವದಿಂದ ‘ದೊನ್ಯಾ’ ಎಂದು ಕರೆಯುವ, ಮೀನು ಮಾರುವ ಫೌಸ್ಟಿನಾ ಹಳೆಯ ನಾಣ್ಯಗಳ ಸರವನ್ನು ಅಕ್ಕಸಾಲಿ ಎವೋದಿಯೋನ ಮುಂದಿಟ್ಟಳು. ಅವನು ದೂರದ ಟಾಸ್ಕೊ ಪಟ್ಟಣದ ಕಡೆಯವನು. ಹುಚಿತಾನ್‌ಗೆ ಬಂದು ಈ ಊರಲ್ಲಿ ಅಂಗಡಿ ಹಾಕಿ ವರ್ಷ ತುಂಬಿರಲಿಲ್ಲ.

“ಎಷ್ಟು ಕ್ಯಾರೆಟ್ ಅಂತ ಸತ್ತೋಳಿಗೆ ಯಾರು ಹೇಳ್ತಾರೆ ದೊನ್ಯಾ?” ಎಂದು ನಕ್ಕ.

ಫೌಸ್ಟಿನಾ ನಗಲಿಲ್ಲ. ಸರ ಕರಗಿಸಿ ಮಗಳ ಮದುವೆಗೆ ಹಾರ ಮಾಡಿಕೊಡಲು ಹೇಳಿ ಹೋದಳು.

ಮೂಸೆಯಲ್ಲಿ ಚಿನ್ನ ಕರಗಿ ನಡುಗಿತು. ಎವೋದಿಯೋ ಒಂದು ಪಾಲು ತೆಗೆದಿಟ್ಟು ಅಷ್ಟೇ ತೂಕದ ತಾಮ್ರ ಹಾಕಿದ. ಇದ್ದಿಲ ಹೊಗೆಯೊಳಗಿಂದ ಹಸಿ ನೆತ್ತರಿನ ವಾಸನೆ ಎದ್ದಿತು. ನಾಲಿಗೆ ಕಹಿಯಾಯಿತು. ಉಗುಳಿ, ಕೆಲಸ ಮುಂದುವರಿಸಿದ. ಕದ್ದ ಪಾಲಿನಲ್ಲಿ ಮಗಳು ಯಾದಿರಾಳಿಗೆ ಜುಮುಕಿ ಮಾಡಿದ. ಮೈತುಂಬ ಚಿನ್ನ ಹೇರಿಕೊಂಡು ಓಡಾಡುವ ಈ ಊರಿನ ಹುಡುಗಿಯರ ನಡುವೆ ಅವಳ ಬರಿಗಿವಿ ಕಂಡು ಅವನ ಹೊಟ್ಟೆ ಉರಿಯುತ್ತಿತ್ತು.

ಮದುವೆಯ ಮಧ್ಯಾಹ್ನ. ಬಿಸಿಗಾಳಿಗೆ ಚಪ್ಪರ ಪಟಪಟ ಬಡಿದುಕೊಳ್ಳುತ್ತಿತ್ತು. ಒಣಸೀಗಡಿಯ ಘಮಲು, ಬೆವರು, ವಾದ್ಯದ ಅಬ್ಬರ. ಮದುಮಗಳ ಕೊರಳಲ್ಲಿ ಹಾರ ಹೊಳೆಯುತ್ತಿತ್ತು. ಎವೋದಿಯೋ ನಿರಾಳವಾಗಿ ಬಿಯರ್ ಎತ್ತಿದ.

“ಅಪ್ಪಾ, ಕಿವಿ ಉರೀತಿದೆ.”

ತಿರುಗಿದ. ಯಾದಿರಾಳ ಕಿವಿಯ ಹಾಲೆ ಹಸಿರಾಗಿತ್ತು. ಕಿಲುಬಿನ ಹಸಿರು. ಜುಮುಕಿ ಕೀಳಲು ಹೋದ. ಬರಲಿಲ್ಲ. ಕೊಕ್ಕೆ ಮಾಂಸಕ್ಕೆ ಬೆಸೆದುಕೊಂಡಿತ್ತು. ಹಸಿರು ಇಳಿಯಿತು. ಕೆನ್ನೆಗೆ. ಕೊರಳಿಗೆ. ಅವಳ ಉಸಿರು ತಾಮ್ರ ನಾರಿತು. ವಾದ್ಯ ನಿಂತಿತು.

“ಕದ್ದೆ!” ಎವೋದಿಯೋ ಕಿರುಚಿದ. “ದೊನ್ಯಾ, ನಿಮ್ಮಮ್ಮನ ಚಿನ್ನ ಕದ್ದೆ! ಹಾರದಲ್ಲಿ ತಾಮ್ರ ಇದೆ! ಈ ಕೂಸಿಗೇನೂ ಗೊತ್ತಿಲ್ಲ!”

ಜುಮುಕಿಗಳು ಕಳಚಿ ಬಿದ್ದವು. ಹಸಿರು ಕೊರಳಲ್ಲೇ ನಿಂತಿತು. ಆದರೆ ಅಳಿಯಲಿಲ್ಲ.

ಫೌಸ್ಟಿನಾ ಬಗ್ಗಿ ಜುಮುಕಿ ಹೆಕ್ಕಿಕೊಂಡಳು. “ಹಾರ ತಂದ ದಿನಾನೇ ಒರೆ ಹಚ್ಚಿಸಿ ನೋಡಿದ್ದೆ ಕಣೋ,” ಎಂದಳು ಮೆಲ್ಲಗೆ. “ನೀನಾಗೇ ಬಂದು ಹೇಳ್ತೀಯ ಅಂತ ಕಾದೆ. ಅದಕ್ಕೇ ಊಟಕ್ಕೂ ಕರೆದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತಲೆ ಎತ್ತಲಾಗಲಿಲ್ಲ. ಕರವಸ್ತ್ರ ತೆಗೆದು ಮಗಳ ಕೊರಳು ಮುಚ್ಚಲು ಕೈ ಚಾಚಿದ.

“ಮುಟ್ಬೇಡ,” ಎಂದಳು ಯಾದಿರಾ.

ಹಿಂದೆ ಹಿಂದೆ ಸರಿದು, ಅಷ್ಟೂ ಜನರೆದುರಿಗೆ, ಫೌಸ್ಟಿನಾಳ ಬೆನ್ನ ಮರೆಗೆ ಹೋಗಿ ನಿಂತಳು.