ಠಾಣೆಯಲ್ಲಿ ಇಲ್ಲದವನ ಬುತ್ತಿ

೧೯೩೮ನೇ ಇಸವಿ ಮಾರ್ಚ್ ೧೭, ಗುರುವಾರ. ಬೆಳಿಗ್ಗೆ ಎಂಟಕ್ಕೆ ಹೊಸಪೇಟೆಯ ಸರ್ಕಲ್ ಇನ್ಸ್‌ಪೆಕ್ಟರ್ ತೋಟಪ್ಪನವರ ಕಚೇರಿಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಜಂಬಕ್ಕ, ಕಂಪ್ಲಿ ಹತ್ತಿರದ ನಡುಗಡ್ಡಿ ಎಂಬ ಊರಿನಲ್ಲಿ ಹರಿಗೋಲು ನಡೆಸುವ ಮೂಕಣ್ಣನ ಹೆಂಡತಿ. ಇನ್ನೊಬ್ಬಳು ಆ ಊರಿನ ಹೆಂಗಸರ ಸಂಘದ ಹಿರಿಯಳು ಭರಮಮ್ಮ.

"ಸೋಮವಾರ ಹೊರಠಾಣೆ ದಫೇದಾರ ನನ್ನ ಗಂಡನ್ನ ಕರ್ಕೊಂಡು ಹೋದ್ರಿ. ಗೌಡ್ರ ಮನಿ ಬೆಳ್ಳಿ ಗಿಂಡಿ ಕದ್ದಾನಂತ. ಈಗ ಕೇಳಿದ್ರ ಅವನ್ನ ತಂದೇ ಇಲ್ಲ ಅಂತಾರ. ಜೀವಂತ ಅದಾನೋ ಇಲ್ಲೋ..." ಎಂದಳು ಜಂಬಕ್ಕ.

ದಫೇದಾರ ಉಚ್ಚೆಂಗಪ್ಪ ಇಪ್ಪತ್ತೆರಡು ವರ್ಷ ಕಪ್ಪುಚುಕ್ಕೆಯಿಲ್ಲದೆ ದುಡಿದವನು. ತೋಟಪ್ಪನವರಿಗೆ ಮೊದಲು ಬಂದದ್ದು ಹೆಂಗಸರ ಮೇಲೆ ಸಿಟ್ಟೇ.

"ಠಾಣೆಯೊಳಗ ಕಣ್ಣಾರೆ ನೋಡಿದೋರು ಯಾರು?"

"ನೋಡಾಕ ಬಿಡ್ಲಿಲ್ರಿ. ಅದಕ್ಕ ಬಂದೀವಿ," ಎಂದಳು ಭರಮಮ್ಮ.

ಎರಡು ವರ್ಷದ ಹಿಂದೆ ಆ ಹೊರಠಾಣೆಯಿಂದ ಒಬ್ಬ ಕೂಲಿಯವನು ಹೆಣವಾಗಿ ಹೊರಬಂದಿದ್ದ. ಕಾಗದದಲ್ಲಿ 'ಹೊಟ್ಟೆನೋವು' ಎಂದು ಬರೆದು ಮುಗಿಸಿದ್ದರು. ಅಂದಿನಿಂದ ಊರ ಹೆಂಗಸರು ಒಂದು ಕಟ್ಟು ಮಾಡಿಕೊಂಡಿದ್ದರು: ಠಾಣೆಗೆ ಯಾರನ್ನೇ ಒಯ್ಯಲಿ, ಜಾತಿ ಕೇಳದೆ ದಿನಾ ಬುತ್ತಿ ಒಯ್ಯಬೇಕು, ಮುಖ ನೋಡಿ ಅವನ ಕೈಗೇ ಕೊಡಬೇಕು. ಅಕ್ಷರ ಬಾರದವರು ಮಾಡಿಕೊಂಡ ಈ ಕಾನೂನಿಗೆ ಯಾವ ವಕೀಲನಾದರೂ ಕೈಮುಗಿಯಬೇಕು.

ಭರಮಮ್ಮ ಇದನ್ನೆಲ್ಲ ಹೇಳಿದ ಮೇಲೆ ತೋಟಪ್ಪನವರು ಕೇಳಿದರು, "ಈ ಸಲ ಬುತ್ತಿ ಒಯ್ದಿದ್ರೇನು?"

"ಮೂರು ದಿನನೂ ಒಯ್ದೀನ್ರಿ. ಅವ ಇಲ್ಲಿಲ್ಲ ಅಂದ ದಫೇದಾರ. ಬುತ್ತಿ ಮಾತ್ರ ಇಸ್ಕೊಂಡ," ಎಂದಳು ಭರಮಮ್ಮ.

ತೋಟಪ್ಪನವರು ಆ ಮಾತನ್ನು ಬರೆದುಕೊಂಡು ಎರಡು ಸಲ ಓದಿದರು. ಇಬ್ಬರು ಪೇದೆಗಳನ್ನು ಕರೆದುಕೊಂಡು, ಹೆಂಗಸರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೊರಟರು.

ಮಧ್ಯಾಹ್ನ ಒಂದಕ್ಕೆ ಹೊರಠಾಣೆ. ಡೈರಿಯಲ್ಲಿ ಮೂಕಣ್ಣನ ಹೆಸರೇ ಇರಲಿಲ್ಲ.

"ಮೂಕಣ್ಣನ್ನ ತಂದಿದ್ದೇನು?"

"ಇಲ್ರಿ ಸಾಹೇಬ್ರ," ಎಂದ ಉಚ್ಚೆಂಗಪ್ಪ.

"ಇಲ್ಲದವನ ಬುತ್ತಿ ಯಾಕ ಇಸ್ಕೊಂಡಿ?"

"ಬಾಗಲಿಗೆ ಬಂದ ರೊಟ್ಟಿ ಹೆಂಗ ತಿರಗಿ ಕಳಸ್ಲಿ..."

"ಯಾರು ತಿಂದ್ರು?"

ತೋಟಪ್ಪನವರು ಕೈ ಚಾಚಿದರು. ಉಚ್ಚೆಂಗಪ್ಪ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಠಾಣೆಯ ಹಿಂದಿನ ಹುಲ್ಲಿನ ಕೊಟ್ಟಿಗೆಯಲ್ಲಿ ಮೂಕಣ್ಣ ಸಿಕ್ಕಿದ. ಜೀವವಿತ್ತು. ಹುಟ್ಟು ಹಾಕುವ ಬಲಗೈಯ ಮಣಿಕಟ್ಟು ಬಾತುಕೊಂಡಿತ್ತು. ಜಂಬಕ್ಕ ಅವನ ಮುಖ ಮುಟ್ಟಿ ಮುಟ್ಟಿ ಅತ್ತಳು.

ಪಂಚನಾಮೆಗೆ ಠಾಣೆಯ ಮಾಮೂಲಿ ಪಂಚರು ಓಡಿ ಬಂದರು. ಭರಮಮ್ಮ ಅಡ್ಡ ನಿಂತಳು. "ಇವ್ರು ನೋಡದ್ದಕ್ಕೂ ಹೆಬ್ಬಟ್ಟು ಒತ್ತೋರು. ನೋಡಿದೋರು ನಾವು. ನಾವ ಒತ್ತತೀವಿ. ಮೊದ್ಲ ಓದಿ ಹೇಳ್ರಿ."

ಇನ್ಸ್‌ಪೆಕ್ಟರು ತಾವು ಬರೆದದ್ದನ್ನು ಓದಿದರು. 'ಕೈಗೆ ಸಣ್ಣ ಗಾಯ' ಎಂದಿತ್ತು.

"ಸಣ್ಣದೇನ್ರಿ ಅದು?"

ತೋಟಪ್ಪನವರ ಮುಖ ಕೆಂಪಾಯಿತು. ಆ ಸಾಲು ಹೊಡೆದುಹಾಕಿ, ಕಂಡದ್ದನ್ನು ಕಂಡಂತೆ ಬರೆದರು. ಹೆಬ್ಬಟ್ಟು ಬಿತ್ತು. ನಾಲ್ಕು ಗಂಟೆಗೆ ಎಫ್.ಐ.ಆರ್. ದಾಖಲಾಗಿ ಉಚ್ಚೆಂಗಪ್ಪ ದಸ್ತಗಿರಿಯಾದ. ಅಂದಹಾಗೆ, ಗಿಂಡಿ ಮರುವಾರ ಗೌಡರ ಅಟ್ಟದ ಮೇಲೆಯೇ ಸಿಕ್ಕಿತು.

ಹೊಸಪೇಟೆಯ ದಾರಿಯಲ್ಲಿ ತೋಟಪ್ಪನವರು ಕೇಳಿದರು. "ಯಾಕ ಹೊಡದಿ?"

"ಇಪ್ಪತ್ತೆರಡು ವರ್ಷ ಹಿಂಗ ಕೇಸು ಮುಗಿಸೀನ್ರಿ. ಮುಗೀಲಿಲ್ಲಂದ್ರ ವರ್ಗ ಆಕ್ಕೈತಿ ಅನ್ನೋ ಅಂಜಿಕಿ. ಮುಗಿಸಿದ್ರ ಎಲ್ಲಾರೂ ಶಭಾಶ್ ಅಂದ್ರು, ಹೆಂಗ ಮುಗಿಸ್ದಿ ಅಂತ ಒಬ್ರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ."

ಅವನ ಶಭಾಶ್‌ಗಿರಿಯ ಪತ್ರಗಳಲ್ಲಿ ಎರಡಕ್ಕೆ ತೋಟಪ್ಪನವರದೇ ಸಹಿಯಿತ್ತು. ಆ ಹೇಳಿಕೆಯನ್ನು ಒಂದಕ್ಷರ ಬಿಡದೆ ಕೇಸ್ ಡೈರಿಗೆ ಇಳಿಸಿದರು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಭರಮಮ್ಮ ಬುತ್ತಿ ಹಿಡಿದು ಮತ್ತೆ ಹೊಸಪೇಟೆ ಠಾಣೆಯ ಮೆಟ್ಟಿಲ ಮೇಲಿದ್ದಳು.

"ಮೂಕಣ್ಣ ಮನಿ ಸೇರಿದ್ನಲ್ಲ ಯವ್ವಾ, ಇನ್ನೇನು?" ಎಂದರು ತೋಟಪ್ಪನವರು.

"ದಫೇದಾರನ್ನ ತೋರಸ್ರಿ. ಅವನ ಮೈಯ್ಯಾಗ ಗಾಯ ಇಲ್ಲಂತ ನೋಡ್ಕೊಂಡು ಹೋಗ್ತೀನಿ."

ತೋಟಪ್ಪನವರು ಪೇದೆಯನ್ನು ಕರೆಯಲಿಲ್ಲ. ತಾವೇ ಎದ್ದು ಹೋಗಿ ಬೀಗ ತೆಗೆದರು.