ಕೆಂಪು ನೂಲಿನ ಕೊಂಬೆ

ಜನವರಿ ಮುಗಿಯಲು ಮೂರು ದಿನ ಇತ್ತು. ಸಂಜೆ ಐದು ದಾಟಿ ಬಿಸಿಲು ಕಾಲುವೆಯ ಆಚೆ ದಡಕ್ಕೆ ಸರಿದಿತ್ತು. ಡುರಿಯನ್ ಹೂವು ಬಾಯಿ ಬಿಡುವ ಹೊತ್ತು ಅದು. ಹುಳಿ ಬಂದ ಹಾಲಿನಂಥ ಅದರ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ನಾನು ಅಜ್ಜಿಯ ಮರಕ್ಕೆ ಏಣಿ ಹಾಕಿ ನಿಂತು, ಒಂದು ಹೂವಿನ ಪುಡಿಯನ್ನು ಕುಂಚದಲ್ಲಿ ಇನ್ನೊಂದಕ್ಕೆ ಸವರುತ್ತ, ಕೊಂಬೆಗೆ ನೂಲು ಕಟ್ಟುತ್ತಿದ್ದೆ.

"ಹರಕೆ ನೂಲಾ? ಗಂಡ ಬೇಗ ಸಿಗಲಿ ಅಂತ?"

ಕೆಳಗೆ ಕಾಲುವೆಯಲ್ಲಿ ಒಂದು ದೋಣಿ. ಅದರಲ್ಲಿ ನಿಂತಿದ್ದವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಬೆವರು ಹೋಯಿತು, ನಗು ಉಳಿಯಿತು.

"ಗಂಡ ಬೇಕಾದ್ರೆ ಕಾಲುವೆಗೆ ಗಾಳ ಹಾಕ್ತೀನಿ," ಎಂದೆ. "ಆದ್ರೆ ಈ ನೀರಲ್ಲಿ ಸಿಗೋದೆಲ್ಲ ಮೀಸೆ ಇರೋ ಮೀನೇ."

ಅವನಿಗೆ ಮೀಸೆ ಆಗತಾನೆ ಚಿಗುರುತ್ತಿತ್ತು. ಅದನ್ನೊಮ್ಮೆ ಮುಟ್ಟಿ ನೋಡಿಕೊಂಡ. ನಾನು ಮರದತ್ತ ಮುಖ ತಿರುಗಿಸಿ ನಕ್ಕೆ. ಆದರೂ ಎರಡು ಸಲ ತಿರುಗಿ ನೋಡಿದೆ.

ಅವನ ಹೆಸರು ತವಿನ್. ಮೇಲಿನ ಕಾಲುವೆಯವನು, ಡುರಿಯನ್ ಕುಯ್ಯುವುದೇ ಅವನ ಕಸುಬು. ಹಿಂದಿನ ಮಳೆಗಾಲದಲ್ಲಿ ಅಪ್ಪ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಆ ಬೇಸಿಗೆಯ ಕೊಯ್ಲಿಗೆ ಅಪ್ಪನೇ ಅವನನ್ನು ಕರೆಸಿದ್ದರು.

ನಮ್ಮ ನೊಂತಬುರಿಯಲ್ಲಿ ಆಗ ಪ್ರತಿ ಮನೆಯ ಹಿಂದೆಯೂ ಡುರಿಯನ್ ಮರಗಳಿದ್ದವು. ಅಜ್ಜಿಯ ಮರದಂಥದ್ದು ಮಾತ್ರ ಇನ್ನೊಂದಿರಲಿಲ್ಲ. ಅಜ್ಜಿ ಎಲ್ಲಿಂದಲೋ ತಂದ ಬೀಜವನ್ನು ಅಡುಗೆಮನೆಯ ಹಿಂದೆ ಊರಿದ್ದಳಂತೆ. ಹಲಸಿನಂತೆ ಮೈಯೆಲ್ಲ ಮುಳ್ಳಿನ ಹಣ್ಣು ಗಾತ್ರದಲ್ಲಿ ಸಣ್ಣದು, ತೊಳೆ ಅರಿಸಿನದ ಬಣ್ಣ. ವಾಸನೆಯೋ, ಪರವೂರಿನವರು ದೋಣಿಯಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಹಾಗೆ ದಾಟುವವರನ್ನು ಕಂಡರೆ ಅಪ್ಪ ಜಗಲಿಯಲ್ಲಿ ಎದೆ ಸೆಟೆಸಿ ಕೂರುತ್ತಿದ್ದರು.

ಹೂವು ಅರಳಿದ ದಿನದಿಂದ ನೂರಾ ಹದಿನೈದು ದಿನಕ್ಕೆ ಅದರ ಕಾಯಿ ಬಲಿಯುತ್ತದೆ. ಮರ ವರ್ಷಕ್ಕೆ ಎರಡು ಸಲ ಹೂ ಬಿಡುತ್ತದೆ, ಇಪ್ಪತ್ತು ದಿನಗಳ ಅಂತರದಲ್ಲಿ. ಮೊದಲ ಹೂವಿಗೆ ಕೆಂಪು ನೂಲು, ಎರಡನೆಯದಕ್ಕೆ ನೀಲಿ. ಕುಯ್ಯುವವನು ನೂಲು ನೋಡಿಯೇ ಕುಯ್ಯಬೇಕು. ನೂಲು ಕಟ್ಟುವ ಕೆಲಸ ನನ್ನದು. ಮೇಲಿಂದ ಬಿಟ್ಟ ಕಾಯಿಯನ್ನು ಗೋಣಿಚೀಲ ಬೀಸಿ ಹಿಡಿಯುವುದೂ ನನ್ನದೇ. ಹದಿನಾಲ್ಕನೆಯ ವಯಸ್ಸಿನಿಂದ ಎಂಟು ವರ್ಷ ಹಿಡಿದಿದ್ದೆ, ಒಂದು ಕಾಯಿಯನ್ನೂ ನೆಲಕ್ಕೆ ಬಿಟ್ಟಿರಲಿಲ್ಲ. ಅದೇ ನನ್ನ ಒಡವೆ.

ಮೇ ತಿಂಗಳ ಮೊದಲ ವಾರ ಕೆಂಪು ನೂಲಿನ ಕೊಯ್ಲು. ತವಿನ್ ಬೆಳಿಗ್ಗೆಯೇ ಬಂದು ಬರಿಗಾಲಲ್ಲಿ ಸರಸರ ಮರ ಹತ್ತಿದ. ಮೊದಲ ಕಾಯಿ ಕುಯ್ದು, ಹಗ್ಗ ಕಟ್ಟಿ, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ಇಳಿಸಿದ.

"ಇದೇನಿದು?" ಎಂದೆ.

"ಮುಳ್ಳು ತಾಗಿದ್ರೆ ಕೈ ಹೋಗುತ್ತೆ ಕಣೇ ಚಮೊಯ್."

"ಕೈ ನನ್ನದು. ಹಗ್ಗ ಬಿಚ್ಚಿ ಕಾಯಿ ಬಿಡಿ. ಭಯ ಆದ್ರೆ ಕಣ್ಣು ಮುಚ್ಕೊಂಡು ಬಿಡಿ."

ಜಗಲಿಯಿಂದ ಅಪ್ಪ ಹೇಳಿದರು: "ಬಿಡಪ್ಪಾ, ಬಿಡು. ಇಲ್ಲದಿದ್ರೆ ನಿನ್ನನ್ನೇ ಕೆಳಗೆ ಬೀಳಿಸ್ತಾಳೆ."

ಅವನು ಬಿಟ್ಟ. ಗೋಣಿ ಬೀಸಿದೆ, ಕಾಯಿ ಅದರೊಳಗೆ ಸುತ್ತಿಕೊಂಡು ಸದ್ದಿಲ್ಲದೆ ಬಂದು ಕೂತಿತು. ಇನ್ನೊಂದು ಬಿಟ್ಟ. ಮತ್ತೊಂದು. ಹತ್ತನೆಯದರ ಹೊತ್ತಿಗೆ ಅವನು "ಹೂಂ" ಅನ್ನುವ ಮೊದಲೇ ನನ್ನ ಗೋಣಿ ಎದ್ದಿರುತ್ತಿತ್ತು. ಎಲೆಗಳ ಸಂದಿಯಿಂದ ಅವನ ಕಣ್ಣು ಕಾಯಿಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದುದು ಗೊತ್ತಾಯಿತು. ತಲೆ ಎತ್ತಿ ನಿಲ್ಲುವುದೇ ನನ್ನ ಕೆಲಸವಾದ್ದರಿಂದ ನಾನೂ ನೋಡಿದೆ. ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಕಾಯಿ ಕೊಳ್ಳುವ ಕಿಮ್ ಅಕ್ಕ ಅಷ್ಟರಲ್ಲಿ ದೋಣಿ ಕಟ್ಟಿ ಬಂದು, ಜಗಲಿಯ ಬಳಿ ರಾಶಿ ಹಾಕಿದ್ದ ಕಾಯಿಗಳನ್ನು ಎಣಿಸುತ್ತಿದ್ದಳು. ಆ ಕಾಲುವೆಯಲ್ಲಿ ಯಾವ ಮನೆಯ ಕಾಯಿ ಒಳ್ಳೆಯದು, ಯಾರ ಕೈ ಒಳ್ಳೆಯದು ಎನ್ನುವುದು ಅವಳ ಬಾಯಿಂದಲೇ ಊರಿಗೆಲ್ಲ ತಿಳಿಯುತ್ತಿತ್ತು.

ಕಾಲುವೆಯತ್ತ ತಗ್ಗಾಗಿ ಚಾಚಿದ್ದ ಕೊಂಬೆಯ ಹತ್ತಿರ ತವಿನ್ ನಿಂತುಬಿಟ್ಟ. ಕತ್ತಿಯ ಬೆನ್ನಿನಿಂದ ಕಾಯಿಯನ್ನು ತಟ್ಟಿದ. ಕಿವಿ ಹತ್ತಿರ ತಂದು ಇನ್ನೊಮ್ಮೆ ತಟ್ಟಿದ.

"ಇದು ಆಗಿಲ್ಲ. ಸದ್ದು ಗಟ್ಟಿಯಾಗಿದೆ, ಟೊಳ್ಳಾಗಿಲ್ಲ."

"ನೂಲು ಯಾವ ಬಣ್ಣ?"

"ಕೆಂಪು. ಆದ್ರೂ..."

"ಕೆಂಪು ಅಂದ್ಮೇಲೆ ಆಗಿದೆ. ಎಂಟು ವರ್ಷದಲ್ಲಿ ನನ್ನ ನೂಲು ಸುಳ್ಳು ಹೇಳಿಲ್ಲ."

"ಚಮೊಯ್, ಇನ್ನೊಂದು ಸಲ ಯೋಚನೆ ಮಾಡು."

ಕಿಮ್ ಅಕ್ಕ ಎಣಿಕೆ ಬಿಟ್ಟು ದೂರದಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. "ನಾನು ಹೇಳ್ತಿದ್ದೀನಿ, ಕುಯ್ಯಿರಿ," ಎಂದು ತಗ್ಗಿದ ದನಿಯಲ್ಲಿ, ಅವನಿಗಷ್ಟೇ ಕೇಳುವಂತೆ ಅಂದೆ.

ಅವನು ಕತ್ತಿಯನ್ನು ತಿರುಗಿಸಿ ಹಿಡಿದ. ಆಮೇಲೆ ಕುಯ್ದ.

ಕಿಮ್ ಅಕ್ಕ ಯಾವಾಗಲೂ ಒಂದು ಕಾಯಿ ಬಿಡಿಸಿ ನೋಡುವವಳು. ಅವತ್ತು ಅವಳ ಕೈಗೆ ಸಿಕ್ಕಿದ್ದು ಅದೇ. ತೊಳೆ ಸುಣ್ಣದ ಹಾಗೆ ಬೆಳ್ಳಗಿತ್ತು, ಹಸಿ ಗೆಣಸಿನಂತೆ ಬಿರುಸು. ಎಷ್ಟು ದಿನ ಇಟ್ಟರೂ ಹಣ್ಣಾಗದ ಎಳೆಕಾಯಿ.

"ಇದನ್ನ ಕುಯ್ಯೋಕೆ ಹೇಳಿದ್ಯಾರು?"

ನಾನು ಕೈಯಲ್ಲಿದ್ದ ಗೋಣಿಯನ್ನೇ ನೋಡಿದೆ. ಮರದ ಮೇಲಿಂದ ಉತ್ತರ ಬಂತು.

"ಯಾರೂ ಹೇಳಲಿಲ್ಲ. ಸದ್ದು ನನಗೆ ತಪ್ಪಾಗಿ ಕೇಳಿಸ್ತು."

ಅವನು ಇಳಿದು, ಅಪ್ಪನಿಗೆ ಕೈ ಮುಗಿದು ಹೊರಟುಹೋದ. ಎಳೆಕಾಯಿ ಕುಯ್ದವನನ್ನು ನಮ್ಮಲ್ಲಿ ಯಾರೂ ಮತ್ತೆ ಮರ ಹತ್ತಿಸುವುದಿಲ್ಲ. ಅದು ಗೊತ್ತಿದ್ದೂ ನಾನು ಗೋಣಿ ಹಿಡಿದು ಸುಮ್ಮನೆ ನಿಂತಿದ್ದೆ.

ಮನೆಯೊಳಗೆ ಹೋಗಿ ನೂಲುಂಡೆಗಳನ್ನು ತೆಗೆದು ನೋಡಿದೆ. ನೀಲಿಯುಂಡೆ ದಪ್ಪಗಿತ್ತು, ಕೆಂಪು ಸವೆದಿತ್ತು. ಜನವರಿಯ ಆ ಸಂಜೆ ಕಾಲುವೆಯತ್ತ ತಿರುಗಿ ತಿರುಗಿ ನೋಡುತ್ತ, ಮಡಿಲಲ್ಲಿದ್ದ ಹಳೆಯ ಕೆಂಪು ನೂಲನ್ನೇ ನಾನು ಎರಡನೆಯ ಹೂವಿಗೆ ಕಟ್ಟಿದ್ದೆ.

ಮೂರು ದಿನ ಕಳೆಯಿತು. ತವಿನ್ ಆಚೆ ತೋಟದಲ್ಲಿ ಕೂಲಿಗೆ ಸೇರಿದ್ದ. ಮರದ ತುದಿಯಲ್ಲಿ ನಡೆದಾಡುತ್ತಿದ್ದವನು ಸೊಂಟದವರೆಗೆ ಹಳ್ಳದಲ್ಲಿ ನಿಂತು ಕೆಸರು ಎತ್ತುತ್ತಿದ್ದ. ನಾನು ದೋಣಿಯಲ್ಲಿ ಹಾದುಹೋದೆ. ಅವನು ತಲೆ ಎತ್ತಲಿಲ್ಲ. ನನ್ನ ಎಂಟು ವರ್ಷದ ಒಡವೆ ಆ ಕೆಸರಿನಲ್ಲೇ ಬಿದ್ದಿದೆ ಅನ್ನಿಸಿತು.

ಹುಣ್ಣಿಮೆಯ ದಿನ ಕಾಲುವೆಯ ಜನರೆಲ್ಲ ಭಿಕ್ಷುಗಳಿಗೆ ಅನ್ನ ತಂದು ವಿಹಾರದ ಚಾವಡಿಯಲ್ಲಿ ಸೇರುತ್ತಾರೆ. ಊಟ ಮುಗಿದು ಪಾತ್ರೆ ತೊಳೆಯುವಾಗ ಎದ್ದು ನಿಂತೆ. ಕೈಯಲ್ಲಿ ಎರಡು ನೂಲುಂಡೆ.

"ನಮ್ಮ ಮರದ ನೂಲು ಕಟ್ಟಿದವಳು ನಾನು. ಬಣ್ಣ ತಪ್ಪಿಸಿದವಳೂ ನಾನೇ. ತವಿನ್ ತಟ್ಟಿ ನೋಡಿ ಆಗಿಲ್ಲ ಅಂದ. ಕುಯ್ಯಿ ಅಂತ ಹಟ ಮಾಡಿದ್ದು ನಾನು. ಅವನ ಕಿವಿಯಲ್ಲಿ ದೋಷ ಇಲ್ಲ."

ಪಾತ್ರೆಗಳ ಸದ್ದು ನಿಂತಿತು. ಅಪ್ಪ ಊರುಗೋಲು ನೋಡುತ್ತ ಕೂತರು. ಕಿಮ್ ಅಕ್ಕ ಎಲೆಯಡಿಕೆ ಉಗಿದು ಬಂದಳು.

"ಅಂದ್ರೆ ಮುಂದಿನ ಸಲ ನಿಮ್ಮ ಮನೆ ಕಾಯಿ ಹತ್ತು ಬಿಡಿಸಿ ನೋಡ್ತೀನಿ."

"ಇಪ್ಪತ್ತು ಬಿಡಿಸಿ ಅಕ್ಕಾ. ಅವನು ಕುಯ್ದ ಕಾಯಿ ನೋಡಿ."

ಮನೆಗೆ ಬರುವಾಗ ದೋಣಿಯಲ್ಲಿ ಅಪ್ಪ ಒಂದೇ ಮಾತು ಆಡಿದರು. "ನಮ್ಮ ಮರದ ಹೆಸರು ಕೆಡಿಸಿದೆ ಅಂದ್ಕೊಂಡಿದ್ದೆ. ಉಳಿಸಿಬಿಟ್ಟೆ." ಆಮೇಲೆ ಮುಖ ಆಚೆ ತಿರುಗಿಸಿಕೊಂಡರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಸಂಜೆ ತವಿನ್ ಬಂದ. ಕೈಕಾಲು ತೊಳೆದಿದ್ದರೂ ಕಿವಿಯ ಹಿಂದೆ ಕೆಸರು ಒಣಗಿತ್ತು.

"ಅಷ್ಟು ಜನರ ಎದುರು ಯಾಕೆ ಹೇಳ್ದೆ?"

"ನನ್ನ ತಪ್ಪನ್ನ ಹೊರೋಕೆ ನಿನಗೆ ಕೂಲಿ ಕೊಟ್ಟವರು ಯಾರು?"

"ನೀನು ಯಾವಾಗ್ಲೂ ತಲೆ ಎತ್ಕೊಂಡು ನಿಲ್ಲೋಳು. ಅದು ತಗ್ಗೋದನ್ನ ಮೇಲಿಂದ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ."

"ಬಣ್ಣ ಯಾಕೆ ತಪ್ತು ಅಂತ ಕೇಳಲ್ವಾ?"

"ಯಾಕೆ?"

"ದೋಣಿಯಲ್ಲಿ ಒಬ್ಬ ಮುಖ ಒರೆಸ್ಕೊಳ್ತಿದ್ದ."

ಅವನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಿವಿಯ ತುದಿ ಕೆಂಪಾಯಿತು, ಕೆಸರಿನಡಿಯಲ್ಲೂ ಕಂಡಿತು.

"ಹಾಗಾದ್ರೆ ದೋಷ ಅರ್ಧ ನಂದೂ ಇದೆ," ಎಂದ.

"ಅರ್ಧ ಸಾಲದು. ಪೂರ್ತಿ ಹೊಣೆ ಹೊತ್ಕೊಂಡು ಇಲ್ಲೇ ಇದ್ದುಬಿಡು."

ಹೇಳಿದವಳೇ ಅಡುಗೆಮನೆಗೆ ಓಡಿದೆ. ಅವನು ಜಗಲಿಯತ್ತ ಹೋಗಿ ಅಪ್ಪನ ಕಾಲ ಬಳಿ ಕೂತ. ಏನು ಕೇಳಿದನೋ ನನಗೆ ಕೇಳಿಸಲಿಲ್ಲ. ಅಪ್ಪ ನಕ್ಕಿದ್ದು ಮಾತ್ರ ಅಡುಗೆಮನೆಗೆ ಕೇಳಿತು.

ಮೇ ಕೊನೆಗೆ ಆ ಕೊಂಬೆಯಲ್ಲಿ ಉಳಿದ ಆರು ಕಾಯಿಗಳನ್ನು ತವಿನ್ನೇ ಕುಯ್ದ. ಕಿಮ್ ಅಕ್ಕ ಆರನ್ನೂ ಮುಟ್ಟಿ ನೋಡಿದಳು, ಒಂದನ್ನೂ ಬಿಡಿಸಲಿಲ್ಲ.

ಮಳೆಗಾಲದಲ್ಲಿ ಭಿಕ್ಷುಗಳು ವಿಹಾರ ಬಿಟ್ಟು ಹೋಗುವುದಿಲ್ಲ, ನಾವು ಮದುವೆ ಮಾಡುವುದಿಲ್ಲ. ಅದು ಕಳೆದು ಚಳಿ ಬರುವವರೆಗೆ ಕಾದೆವು. ನಮ್ಮಲ್ಲಿ ಮದುವೆಯಾದರೆ ಹುಟ್ಟಿದ ಮನೆ ಬಿಡುವವನು ಗಂಡು. ಹೊರಡುವ ಬೆಳಿಗ್ಗೆ ಅವನ ತಾಯಿ ಮೆಟ್ಟಿಲಲ್ಲಿ ನಿಂತು ಕಣ್ಣೊರೆಸಿಕೊಂಡು, "ಆ ಮರದ ವಾಸನೆ ಬಟ್ಟೆಗೆ ಹತ್ತಿದ್ರೆ ಹೋಗಲ್ಲ ಮಗಾ," ಎಂದಳಂತೆ.

"ಹತ್ತಲಿ ಅಂತಾನೇ ಹೋಗ್ತಿರೋದು ಅಮ್ಮಾ," ಎಂದನಂತೆ ಇವನು.

ಒಂದು ಕತ್ತಿ, ಎರಡು ಪಂಚೆ, ತಾಯಿ ಕೊಟ್ಟ ಅಕ್ಕಿಯ ಮಡಕೆ. ಅಷ್ಟನ್ನು ದೋಣಿಗಿಟ್ಟುಕೊಂಡು ತವಿನ್ ತಾಯಿಯ ಮನೆ ಬಿಟ್ಟು ಹೊರಟ. ಅವತ್ತು ಶುಕ್ರವಾರ, ನಮ್ಮಲ್ಲಿ ಮದುವೆಗೆ ಒಳ್ಳೆಯ ದಿನ.